ಗಾಳಿಯನ್ನು ತೂಗುವ ಊರು

ಉತ್ತರಧ್ರುವದಿಂದ ಸುಮಾರು 1,200 ಕಿಲೋಮೀಟರು ಈಚೆಗೆ, ನಾರ್ವೆ ದೇಶದ ಆಳ್ವಿಕೆಗೆ ಒಳಪಟ್ಟ ಸ್ವಾಲ್ಬಾರ್ ದ್ವೀಪಗಳಲ್ಲಿ, ನ್ಯೂ-ಓಲೆಸುಂಡ್ ಎಂಬ ಪುಟ್ಟ ಊರೊಂದುಂಟು. ವರ್ಷವಿಡೀ ಜನರಿರುವ ಊರುಗಳಲ್ಲಿ ಇದಕ್ಕಿಂತ ಉತ್ತರದಲ್ಲಿರುವುವು ತೀರ ವಿರಳ. ಚಳಿಗಾಲದಲ್ಲಿ ಇಲ್ಲಿರುವವರು ಮೂವತ್ತು ನಲವತ್ತು ಮಂದಿ. ಬೇಸಗೆಯಲ್ಲಿ ನೂರನ್ನು ಮೀರುವರು. ಸಂತೆಯಿಲ್ಲ, ಹೊಲವಿಲ್ಲ, ಹೆಸರಿಗೊಂದು ಮರವಿಲ್ಲ. ಅಕ್ಟೋಬರಿನ ಕೊನೆಯ ವಾರದಲ್ಲಿ ಮುಳುಗಿದ ಸೂರ್ಯನು ಫೆಬ್ರವರಿಯ ನಡುವಿನವರೆಗೆ ಮುಖ ತೋರುವುದಿಲ್ಲ. ಏಪ್ರಿಲಿನ ಉತ್ತರಾರ್ಧದಿಂದ ಆಗಸ್ಟಿನವರೆಗೆ ಮುಳುಗುವುದೂ ಇಲ್ಲ. ಇಂತಹ ಊರಿನಲ್ಲಿ ನೋಡತಕ್ಕದ್ದೇನಿರುವುದೆಂದು ವಾಚಕರು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದ್ದರು. ನಮ್ಮ ಮಗನು ಓಸ್ಲೋ ನಗರದಲ್ಲಿ ಇಂಜಿನಿಯರನಾಗಿರುವುದರಿಂದಲೂ, ಅಷ್ಟು ದೂರ ಬಂದವರು ಇನ್ನಷ್ಟು ದೂರ ಹೋಗಿಬಿಡೋಣವೆಂದು ಅವನು ಹಟ ಹಿಡಿದುದರಿಂದಲೂ ನಾವು ಜುಲೈ ತಿಂಗಳಿನಲ್ಲಿ ಅಲ್ಲಿಗೆ ಹೋಗುವಂತಾಯಿತು.

ಓಸ್ಲೋದಿಂದ ಲಾಂಗ್‌ಯರ್‌ಬ್ಯೆನ್ ಎಂಬ ಪಟ್ಟಣದವರೆಗೆ ವಿಮಾನದ ದಾರಿ. ಅಲ್ಲಿಂದ ಮುಂದೆ ರಸ್ತೆಯೆಂಬುದಿಲ್ಲ, ನಾವು ಹಡಗಿನಲ್ಲಿ ಹೋದೆವು. ಕರಾವಳಿಯನ್ನು ಬಲಕ್ಕಿಟ್ಟುಕೊಂಡು ಉತ್ತರಾಭಿಮುಖವಾಗಿ ಸಾಗಿದ ನಮ್ಮ ಹಡಗು ರಾಜರ ಕೊಲ್ಲಿಯೆಂದು ಹೆಸರಾದ ಕೊಂಗ್ಸ್‌ಫ್ಯೋರ್ಡಿನೊಳಕ್ಕೆ ತಿರುಗಿದಾಗ ಗಡಿಯಾರದಲ್ಲಿ ರಾತ್ರಿ ಹನ್ನೊಂದು. ಹೊರಗೆ ನಮ್ಮೂರಿನ ಸಂಜೆ ನಾಲ್ಕರ ಬಿಸಿಲು. ಕೊಲ್ಲಿಯ ತುದಿಯಲ್ಲಿ ನೀಲಿ ಹಿಮನದಿಗಳು ಸಮುದ್ರಕ್ಕೆ ಇಳಿದಿವೆ. ಅವುಗಳ ಹಿಂದೆ ಮೂರು ಕಿರೀಟಗಳೆಂಬ ಶಿಖರಗಳು, ಒಂದೊಂದಕ್ಕೆ ಸ್ವೀಡನ್, ನಾರ್ವೆ, ಡೆನ್ಮಾರ್ಕುಗಳ ಹೆಸರು. ಹಿಮವು ಒಡೆದು ನೀರಿಗೆ ಬೀಳುವಾಗ ದೂರದಲ್ಲಿ ಗುಡುಗಿದಂತೆ ಕೇಳುವುದು. ಇಳಿಯುವುದಕ್ಕೆ ಮುಂಚೆ ಹಡಗಿನವರು ಎಲ್ಲರ ಕೈಯಲ್ಲಿದ್ದ ಫೋನುಗಳ ನಿಸ್ತಂತು ಸಂಪರ್ಕಗಳನ್ನು ನಿಲ್ಲಿಸಿಸಿದರು. ಆಕಾಶದ ಅತಿದೂರದ ಮೂಲಗಳಿಂದ ಬರುವ ರೇಡಿಯೋ ಅಲೆಗಳನ್ನು ಕೇಳಿ ಭೂಮಿಯ ಚಲನೆಯನ್ನಳೆಯುವ ದೊಡ್ಡ ಆಂಟೆನಾಗಳು ಅಲ್ಲಿರುವುವಂತೆ. ನಮ್ಮ ಫೋನಿನ ಪಿಸುಮಾತೂ ಅವುಗಳ ಕಿವಿಗೆ ಗದ್ದಲ. ಒಂದು ಇಡೀ ಊರು ಸದ್ದಿಲ್ಲದೆ ಕಿವಿಗೊಟ್ಟು ಕುಳಿತಿರುವುದನ್ನು ನಾವು ಕಂಡುದು ಅದೇ ಮೊದಲು.

ಊರಿನೊಳಗೆ ನಡೆಯಲು ಒಂದೇ ದಾರಿ. ಅದರಿಂದಾಚೆಗೆ ಕಾಲಿಡಕೂಡದು, ಹಕ್ಕಿಗಳ ಗೂಡುಗಳು ನೆಲದ ಮೇಲೆಯೇ ಇರುವುವು. ಕಾಡುಬಾತುಗಳು ಹಿಂಡುಹಿಂಡಾಗಿ ಮರಿಗಳೊಡನೆ ದಾರಿಗಡ್ಡ ನಡೆಯುತ್ತಿದ್ದುವು. ನಾವೇ ನಿಂತು ದಾರಿ ಬಿಟ್ಟೆವು. ಊರಿನ ಎಲ್ಲೆಯನ್ನು ದಾಟುವವರು ಬಂದೂಕು ಹಿಡಿದೇ ಹೋಗಬೇಕು, ಬಿಳಿಯ ಕರಡಿಗಳ ಭಯದಿಂದ. ಮನೆಗಳ ಬಾಗಿಲುಗಳಿಗೆ ಬೀಗ ಹಾಕದಿರುವುದಕ್ಕೂ ಅದೇ ಕಾರಣ: ಕರಡಿ ಕಂಡರೆ ಯಾರಾದರೂ ಯಾವ ಮನೆಗಾದರೂ ನುಗ್ಗಬಹುದು. ಒಂದು ಮನೆಯ ಮುಂದೆ ಕಲ್ಲಿನ ಸಿಂಹಗಳೆರಡು ಕುಳಿತಿದ್ದುವು, ಅದು ಚೀನೀಯರದು. ಇನ್ನೊಂದರ ಮೇಲೆ ‘ಹಿಮಾದ್ರಿ’ ಎಂದು ಬರೆದಿತ್ತು. ಗೋವೆಯಲ್ಲಿರುವ ನಮ್ಮ ಧ್ರುವ ಸಂಶೋಧನಾ ಕೇಂದ್ರದವರು ನಡೆಸುವ ಈ ಠಾಣ್ಯವು 2008ನೆಯ ಇಸವಿ ಜುಲೈ 1ರಂದು ಆರಂಭವಾಯಿತು. ಕಾಳಿದಾಸನ ನಾಡಿನ ಶಬ್ದವನ್ನು ಅಷ್ಟು ದೂರದ ಹಿಮದಲ್ಲಿ ಓದಿ ನಮಗಾದ ಸಂತೋಷವನ್ನು ಬಣ್ಣಿಸುವುದು ಬೇಡ. 1920ರಲ್ಲಿ ಪ್ಯಾರಿಸಿನಲ್ಲಾದ ಸ್ವಾಲ್ಬಾರ್ ಒಪ್ಪಂದಕ್ಕೆ ಸಹಿಹಾಕಿದವರಲ್ಲಿ ಆಗಿನ ಬ್ರಿಟಿಷ್ ಇಂಡಿಯವೂ ಸೇರಿತ್ತೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಈ ಊರು ವಿದ್ವಾಂಸರಿಗಾಗಿ ಹುಟ್ಟಿದುದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲನ್ನು ಅಗೆಯುವುದಕ್ಕಾಗಿ ಇದು ಹುಟ್ಟಿತು. ಇದ್ದಲನ್ನು ಸಾಗಿಸುತ್ತಿದ್ದ ಪುಟ್ಟ ಉಗಿಬಂಡಿಯೊಂದು ಈಗಲೂ ದಡದ ಹತ್ತಿರ ಎರಡು ಮೂರು ಗಾಡಿಗಳೊಡನೆ ನಿಂತಿದೆ. 1926ರ ಮೇ 11ರಂದು ಆಮುಂಡ್‌ಸೆನ್, ಎಲ್ಸ್‌ವರ್ತ್ ಮತ್ತು ನೊಬಿಲೆ ಎಂಬುವರು ‘ನೋರ್ಗೆ’ ಎಂಬ ವಾಯುನೌಕೆಯಲ್ಲಿ ಇಲ್ಲಿಂದಲೇ ಹೊರಟು, ಧ್ರುವವನ್ನು ದಾಟಿ ಅಲಾಸ್ಕವನ್ನು ಸೇರಿದರು. ನೌಕೆಯನ್ನು ಕಟ್ಟಿದ್ದ ಕಬ್ಬಿಣದ ಕಂಬವೂ ಹಾಗೆಯೇ ಉಂಟು. ಆದರೆ ಊರಿನ ಭಾಗ್ಯವನ್ನು ತಿರುಗಿಸಿದುದು 1962ರ ನವೆಂಬರು 5ನೆಯ ದಿನ. ಅಂದು ಗಣಿಯೊಳಗಾದ ಸ್ಫೋಟದಲ್ಲಿ 21 ಮಂದಿ ಸತ್ತರು. ಗಣಿಯು ಮತ್ತೆ ತೆರೆಯಲಿಲ್ಲ. ಅದರ ಆಡಳಿತದ ವಿಚಾರಣೆಯ ಕೋಲಾಹಲದಲ್ಲಿ, 1963ರಲ್ಲಿ, ನಾರ್ವೆಯ ಸರಕಾರವೇ ಉರುಳಿತು. ಆ ಬಳಿಕ ಖಾಲಿಯಾಗಿದ್ದ ಮನೆಗಳಿಗೆ ಒಬ್ಬೊಬ್ಬರಾಗಿ ವಿಜ್ಞಾನಿಗಳು ಬಂದು ಸೇರಿದರು. ಇದ್ದಲನ್ನು ಅಗೆದು ಲೋಕಕ್ಕೆ ಕಳುಹುತ್ತಿದ್ದ ಊರು, ಲೋಕವು ಇದ್ದಲನ್ನು ಸುಟ್ಟು ಗಾಳಿಗೆ ಬಿಟ್ಟುದನ್ನು ಅಳೆಯುವ ಊರಾಯಿತು.

ಅಳೆಯುವ ಸ್ಥಳವು ಊರಿನ ಬೆನ್ನಿಗಿರುವ ಬೆಟ್ಟದ ಮೇಲಿದೆ. 1910ರಲ್ಲಿ ಕೌಂಟ್ ಜೆಪ್ಪೆಲಿನನು ವಾಯುನೌಕೆಗಳ ಸಂಚಾರಕ್ಕೆ ಅನುಕೂಲವುಂಟೇ ಎಂದು ಪರೀಕ್ಷಿಸಲು ಈ ದ್ವೀಪಕ್ಕೆ ಬಂದಿದ್ದನು. ಅವನ ಹೆಸರನ್ನೇ ಬೆಟ್ಟಕ್ಕೆ ಇಟ್ಟಿದ್ದಾರೆ. ಸಮುದ್ರದಿಂದ 470 ಮೀಟರಿಗಿಂತ ತುಸು ಎತ್ತರದಲ್ಲಿ, ಬಂಡೆಗಳ ಅಂಚಿನಲ್ಲಿ, ಹದ್ದಿನ ಗೂಡಿನಂತೆ ಕಾಣುವ ಒಂದು ಕಟ್ಟಡ. ಇದು ನಾರ್ವೆಯ ಧ್ರುವ ಸಂಸ್ಥೆಗೆ ಸೇರಿದುದು. ನಾರ್ವೆಯ ವಾಯು ಸಂಶೋಧನಾ ಸಂಸ್ಥೆಯು ಇಲ್ಲಿನ ಅಳತೆಗಳನ್ನು ನಡೆಸುವುದು. ಕೆಳಗಿನಿಂದ ಅಲ್ಲಿಗೆ ತಂತಿಯ ಮೇಲೆ ಸಾಗುವ ಒಂದು ಸಣ್ಣ ತೊಟ್ಟಿಲುಂಟು. ನಮಗೂ ಅದರಲ್ಲಿ ಕುಳಿತು ಮೇಲೇರುವ ಆಸೆಯಿದ್ದಿತು. ಆದರೆ ಪ್ರವಾಸಿಗಳನ್ನು ಅಲ್ಲಿಗೆ ಕರೆದೊಯ್ಯುವ ಪದ್ಧತಿಯಿಲ್ಲ. ನಮ್ಮೊಡನೆ ಬಂದಿದ್ದ ನಾರ್ವೆಯ ಮಾರ್ಗದರ್ಶಕಳು ಕಾರಣವನ್ನು ಹೇಳಿದಳು: ನಮ್ಮ ಉಡುಪು, ನಮ್ಮ ಉಸಿರು, ನಾವು ಹಚ್ಚಿಕೊಂಡ ಸುಗಂಧ, ಇವೆಲ್ಲವೂ ಆ ಉಪಕರಣಗಳ ಲೆಕ್ಕದಲ್ಲಿ ಮಾಲಿನ್ಯವೇ. ಊರಿನ ಒಲೆಗಳ ಹೊಗೆಯೂ ತಾಗದಿರಲೆಂದೇ ಅದನ್ನು ಅಷ್ಟೆತ್ತರದಲ್ಲಿ ಕಟ್ಟಿರುವುದು. ಮಡಿಯೆಂದರೆ ಏನೆಂದು ನಮ್ಮ ಮನೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಅವರು ಕೂಡಲೆ ಒಪ್ಪಿಕೊಂಡರು.

ಕೆಳಗೇ ನಿಂತು ನಾವು ತಿಳಿದುಕೊಂಡ ಸಂಗತಿಗಳು ಹಲವು. ಮೊದಲು ಪಾದರಸದ ಮಾತು. ಲೋಹಗಳೊಳಗೆ ಇದೊಂದೇ ಸಾಧಾರಣ ಉಷ್ಣದಲ್ಲಿ ದ್ರವವಾಗಿರುವುದಷ್ಟೇ ಅಲ್ಲ, ಆವಿಯಾಗಿ ಮೇಲೇಳುವ ಗುಣವುಳ್ಳದ್ದೂ ಹೌದು. ಹೀಗೆ ಗಾಳಿಯನ್ನು ಸೇರಿದ ಪಾದರಸವು ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಕೆಳಗಿಳಿಯದೆ ಅಲೆಯುತ್ತಿರುವುದು. ಅಷ್ಟರಲ್ಲಿ ಅದು ಭೂಮಂಡಲವನ್ನೇ ಸುತ್ತಬಲ್ಲುದು. ಕಲ್ಲಿದ್ದಲಿನಲ್ಲಿ ಎಳ್ಳುಕಾಳಿನಷ್ಟಾದರೂ ಪಾದರಸವು ಇದ್ದೇ ಇರುತ್ತದೆ; ಸುಟ್ಟಾಗ ಅದು ಹೊಗೆಗೊಳವಿಯಿಂದ ಹೊರಬೀಳುತ್ತದೆ. ಸಂಯುಕ್ತ ರಾಷ್ಟ್ರ ಸಂಸ್ಥೆಯವರು ಮಾಡಿದ ಎಣಿಕೆಯಂತೆ 2015ರಲ್ಲಿ ಮನುಷ್ಯರ ಉದ್ಯೋಗಗಳಿಂದ ಗಾಳಿಗೆ ಸೇರಿದ ಪಾದರಸವು ಸುಮಾರು 2,200 ಟನ್ನುಗಳು. ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು, ಬಡಗಣಿಗರು ಮಣ್ಣಿನಿಂದ ಚಿನ್ನವನ್ನು ಬೇರ್ಪಡಿಸಲು ಪಾದರಸವನ್ನು ಉಪಯೋಗಿಸಿ ಕಾಯಿಸುವುದರಿಂದ; ಐದರಲ್ಲೊಂದು ಪಾಲಿನಷ್ಟು ಕಲ್ಲಿದ್ದಲಿನಿಂದ. ದೇಶಗಳನ್ನು ನೋಡಿದರೆ, ಪೂರ್ವ, ಆಗ್ನೇಯ ಮತ್ತು ದಕ್ಷಿಣ ಏಷ್ಯಗಳಿಂದಲೇ ಹೆಚ್ಚುಕಡಿಮೆ ಅರ್ಧ.

ಇದನ್ನು ಬೆಟ್ಟದ ಮೇಲೆ ಹಿಡಿಯುವ ಉಪಾಯವು ನಮ್ಮ ಅಕ್ಕಸಾಲಿಗರಿಗೆ ಗೊತ್ತಿರುವುದೇ. ಪಾದರಸವು ಚಿನ್ನವನ್ನು ಕಂಡರೆ ಬಿಡುವುದಿಲ್ಲ; ಅದಕ್ಕಂಟಿಕೊಳ್ಳುವುದು. ಗಾಳಿಯನ್ನು ಚಿನ್ನದ ಮೇಲೆ ಹಾಯಿಸಿ, ಅಂಟಿದುದನ್ನು ಕಾಯಿಸಿ ಬಿಡಿಸಿ, ಕಣ್ಣಿಗೆ ಕಾಣದ ಅತಿನೇರಿಳೆ ಬೆಳಕಿನಲ್ಲಿ ಅದು ಎಷ್ಟು ಹೊಳೆಯುವುದೆಂದು ಯಂತ್ರವು ಓದಿಕೊಳ್ಳುತ್ತದೆ. ಭೂಮಿಯ ಉತ್ತರಾರ್ಧದ ಶುದ್ಧ ಗಾಳಿಯಲ್ಲಿ, ಒಂದು ಘನ ಮೀಟರಿಗೆ ಸುಮಾರು ಒಂದೂವರೆ ನ್ಯಾನೋಗ್ರಾಂ ಪಾದರಸವಿರುವುದು. ದಕ್ಷಿಣಾರ್ಧದಲ್ಲಿ ಅದಕ್ಕಿಂತ ಕಡಮೆ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ಕೇಳಿ ನಮ್ಮ ಮನೆಯವರು, “ಇಷ್ಟೇಯೋ! ಇದಕ್ಕೆ ಇಷ್ಟೊಂದು ಆರ್ಭಟವೇ?” ಎಂದರು. “ಅಮ್ಮಾ, ನಮ್ಮ ಮನೆಯಲ್ಲಿ ಜ್ವರ ನೋಡುತ್ತಿದ್ದ ಹಳೆಯ ಗಾಜಿನ ಕಡ್ಡಿಯಲ್ಲಿ ಒಂದು ಗ್ರಾಮಿನಷ್ಟು ಪಾದರಸ. ಒಂದು ಕಿಲೋಮೀಟರು ಉದ್ದ, ಒಂದು ಕಿಲೋಮೀಟರು ಅಗಲದ ನೆಲದ ಮೇಲೆ, ಈ ಬೆಟ್ಟದ ಮನೆಯನ್ನೂ ಮೀರಿ ಆರುನೂರು ಮೀಟರಿಗಿಂತ ಎತ್ತರದವರೆಗೆ ಇರುವ ಗಾಳಿಯಲ್ಲೆಲ್ಲ ಇರುವ ಪಾದರಸವನ್ನು ಬಾಚಿದರೆ ಆ ಒಂದು ಕಡ್ಡಿ ತುಂಬುತ್ತದೆ,” ಎಂದನು ಮಗ. ಅವರು ಬೆಟ್ಟವನ್ನೊಮ್ಮೆ ನೋಡಿ ಸುಮ್ಮನಾದರು. ಆ ಕಡ್ಡಿಗಳಲ್ಲಿ ಎಷ್ಟನ್ನು ನಾವು ಒಡೆದಿರುವೆವೋ, ಉರುಳಿದ ಬೆಳ್ಳಿಯ ಗುಂಡುಗಳನ್ನು ಮಕ್ಕಳ ಆಟಕ್ಕೆ ಕೊಟ್ಟಿರುವೆವೋ, ಲೆಕ್ಕವಿಲ್ಲ. (ಈಗಲೂ ಯಾರ ಮನೆಯಲ್ಲಾದರೂ ಅದು ಒಡೆದರೆ ಕಸಬರಿಕೆಯಿಂದ ಗುಡಿಸದೆ, ಬರಿಗೈಯಿಂದ ಮುಟ್ಟದೆ, ಕಿಟಕಿಗಳನ್ನು ತೆರೆದು, ಗಡುಸು ಕಾಗದದಿಂದ ಗುಂಡುಗಳನ್ನು ಒಟ್ಟುಗೂಡಿಸಿ, ಬಿರಡೆಯ ಸೀಸೆಯಲ್ಲಿ ಮುಚ್ಚಿಡಬೇಕು. ಚಿನ್ನದ ಬಳೆ ಉಂಗುರಗಳನ್ನು ಮೊದಲೇ ತೆಗೆದಿಡುವುದು ಲೇಸು.)

ನಮ್ಮ ನೆರೆಯ ಕೊಡೈಕಾನಲಿನಲ್ಲಿಯೂ ಇದೇ ಪಾಠವಾಯಿತು. 1980ರ ದಶಕದಿಂದ 2001ರವರೆಗೆ ಅಲ್ಲಿ ಉಷ್ಣಮಾಪಕಗಳ ಕಾರ್ಖಾನೆಯೊಂದು ನಡೆಯಿತು. ಪಾದರಸದ ಗಾಜಿನ ಚೂರುಗಳು ಊರಿನ ಗುಜರಿಯಂಗಡಿಯಲ್ಲಿ ರಾಶಿಬಿದ್ದುದು ಹೊರಬಿದ್ದ ಮೇಲೆ ಕಾರ್ಖಾನೆಯು ಮುಚ್ಚಿತು. ಆಮೇಲೆ ಹೈದರಾಬಾದಿನ ವಿಜ್ಞಾನಿಗಳು ಮರಗಳ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವನ್ನು ಪರೀಕ್ಷಿಸಿದಾಗ ಅದರಲ್ಲಿಯೂ ಪಾದರಸವು ತುಂಬಿದ್ದಿತು. ಕಲ್ಲುಹೂವಿಗೆ ಬೇರಿಲ್ಲ, ಗಾಳಿಯೇ ಅದರ ಅನ್ನ. ಲೋಕದ ಗಾಳಿಯ ಪಾದರಸವನ್ನು ಅಳೆಯಲು 2010ರಿಂದ ಯೂರೋಪಿನವರು ಹಲವು ದೇಶಗಳಲ್ಲಿ ಏರ್ಪಡಿಸಿದ ಠಾಣ್ಯಗಳ ಸಾಲಿನಲ್ಲಿ ಕೊಡೈಕಾನಲೂ ಒಂದಾಯಿತು. ಈ ಜೆಪ್ಪೆಲಿನ್ ಬೆಟ್ಟವೂ ಅದೇ ಸಾಲಿನದು.

ಧ್ರುವದಲ್ಲಿ ಪಾದರಸದ ನಡತೆಯು ವಿಚಿತ್ರವಾದುದು. ಕೆನಡದ ಉತ್ತರದ ತುದಿಯಲ್ಲಿರುವ ಅಲರ್ಟ್ ಎಂಬ ಠಾಣ್ಯದಲ್ಲಿ, 1995ರ ವಸಂತದಲ್ಲಿ ಇದನ್ನು ಮೊದಲು ಕಂಡರು. ದೀರ್ಘರಾತ್ರಿಯು ಕಳೆದು ಸೂರ್ಯನು ಮೇಲೆದ್ದ ಕೆಲದಿನಗಳಲ್ಲಿ, ಗಾಳಿಯಲ್ಲಿದ್ದ ಪಾದರಸವು ಕೆಲವೇ ಗಂಟೆಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ಯಂತ್ರವು ಕೆಟ್ಟಿತೆಂದೇ ಯಾರಾದರೂ ಎಣಿಸಬೇಕು. ಆದರೆ ಅದೇ ಗಳಿಗೆಯಲ್ಲಿ ಗಾಳಿಯ ಓಜೋನೂ ಇಳಿದಿತ್ತು. ಕಾರಣವು ಸಮುದ್ರದ ಉಪ್ಪಿನಲ್ಲಿತ್ತು: ಹೆಪ್ಪುಗಟ್ಟಿದ ಕಡಲಿನ ಮೇಲಣ ಉಪ್ಪಿನಿಂದ ಬ್ರೋಮಿನ್ ಎಂಬ ಮೂಲವಸ್ತುವು ಹೊಸ ಬಿಸಿಲಿಗೆ ಹೊರಟು, ಆವಿರೂಪದ ಪಾದರಸವನ್ನು ಬೇರೊಂದು ರೂಪಕ್ಕೆ ತಿರುಗಿಸುವುದು, ಆ ರೂಪದ ಪಾದರಸವು ಗಾಳಿಯಲ್ಲಿ ನಿಲ್ಲಲಾರದೆ ಹಿಮದ ಮೇಲೆ ಕೂರುವುದು. ಈ ಬೆಟ್ಟದ ಮೇಲೆಯೂ ಅದೇ ಆಟವನ್ನು ವಸಂತವಸಂತದಲ್ಲಿ ಬರೆದಿಟ್ಟಿದ್ದಾರೆ. ಕುಳಿತುದರಲ್ಲಿ ಒಂದು ಪಾಲು ಮತ್ತೆ ಗಾಳಿಗೇಳುತ್ತದೆ. ಉಳಿದುದು ಹಿಮ ಕರಗಿದಾಗ ನೀರಿನೊಡನೆ ಇಳಿದುಹೋಗುತ್ತದೆ. ನೀರಿನ ಸೂಕ್ಷ್ಮಜೀವಿಗಳು ಪಾದರಸವನ್ನು ಇನ್ನೂ ಕ್ರೂರವಾದ ರೂಪಕ್ಕೆ ಮಾರ್ಪಡಿಸುತ್ತವೆ. ಜಪಾನಿನ ಮಿನಮಾತದಲ್ಲಿ 1956ರಿಂದ ಬೆಳಕಿಗೆ ಬಂದ, ತಾಯಂದಿರ ಗರ್ಭದ ಶಿಶುಗಳನ್ನೂ ಬಿಡದ ಆ ರೋಗಕ್ಕೆ ಕಾರಣವಾದುದು ಇದೇ ರೂಪ. ಆ ಊರಿನ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದವು 2013ರಲ್ಲಾಗಿ, 2017ರಲ್ಲಿ ಜಾರಿಗೆ ಬಂದಿತು. ನಮ್ಮ ದೇಶವು 2018ರಲ್ಲಿ ಅದನ್ನು ಅಂಗೀಕರಿಸಿತು. ಪಾದರಸದ ಉಷ್ಣಮಾಪಕಗಳ ತಯಾರಿಕೆಗೆ ಒಪ್ಪಂದವು 2020ನ್ನು ಕೊನೆಯ ವರ್ಷವೆಂದು ಗೊತ್ತುಮಾಡಿತು. ಕೆಲವು ದೇಶಗಳು ಇನ್ನಷ್ಟು ಕಾಲಾವಕಾಶವನ್ನು ಕೇಳಿಕೊಂಡುವು.

ಪಾದರಸವು ಸೃಷ್ಟಿಯಲ್ಲಿದ್ದ ವಸ್ತು. ಎರಡನೆಯ ಗುಂಪಿನವುಗಳಾದರೋ ಮನುಷ್ಯನೇ ಕೈಯಾರೆ ಮಾಡಿದವು: ಡಿ.ಡಿ.ಟಿ., ನಮ್ಮಲ್ಲಿ ಗ್ಯಾಮಕ್ಸೀನ್ ಪುಡಿಯೆಂದು ಮನೆಮಾತಾಗಿದ್ದ ಬಿ.ಎಚ್.ಸಿ., ವಿದ್ಯುತ್ತಿನ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿರುತ್ತಿದ್ದ ಪಿ.ಸಿ.ಬಿ.ಗಳು, ಎಂಡೋಸಲ್ಫಾನ್ ಮೊದಲಾದುವು. ಇವುಗಳ ಗುಣವು ಅಳಿಯದಿರುವುದು; ದೋಷವೂ ಅದೇ. ಬಿಸಿಲಿನ ನಾಡಿನಲ್ಲಿ ಇವು ನೆಲದಿಂದ ಆವಿಯಾಗಿ ಏಳುವುವು, ತಣ್ಣನೆಯ ಕಡೆ ಇಳಿಯುವುವು, ಅಲ್ಲಿ ಬಿಸಿಲೇರಿದರೆ ಮತ್ತೆ ಎದ್ದು ಮುಂದಕ್ಕೆ ಹಾರುವುವು. ಹೀಗೆ ಮಿಡತೆಯಂತೆ ನೆಗೆನೆಗೆದು, ಕಡೆಗೆ ಮತ್ತೆ ಏಳಲು ಬೇಕಾದ ಶಾಖವೇ ಇಲ್ಲದ ಧ್ರುವದಲ್ಲಿ ಬಿಡಾರ ಹೂಡುವುವು. ಗಡಿಗೆಯಲ್ಲಿ ಕಾಯಿಸಿದ ನೀರಿನ ಆವಿಯು ತಣ್ಣನೆಯ ಮುಚ್ಚಳದಡಿ ಹನಿಯಾಗುವುದನ್ನು ಕಂಡವರಿಗೆ ಇದರಲ್ಲಿ ರಹಸ್ಯವೇನೂ ಇಲ್ಲ. ಭೂಗೋಲಕ್ಕೆ ಇಲ್ಲಿನ ಹಿಮವೇ ಮುಚ್ಚಳ.

ಇವನ್ನು ಹಿಡಿಯುವ ಸಲಕರಣೆಯು ಪಾದರಸದ್ದಕ್ಕಿಂತ ಸರಳ. ದೊಡ್ಡ ಪಂಪೊಂದು ದಿನಗಟ್ಟಲೆ ಗಾಳಿಯನ್ನೆಳೆದು, ಗಾಜಿನೆಳೆಯ ಶೋಧಕದ ಮೂಲಕವೂ ಹಾಸಿಗೆಗಳಲ್ಲಿ ತುಂಬುವಂತಹ ಸ್ಪಂಜಿನ ತುಂಡುಗಳ ಮೂಲಕವೂ ಹಾಯಿಸುವುದು. ಆ ತುಂಡುಗಳನ್ನು ಭದ್ರವಾಗಿ ಕಟ್ಟಿ ದಕ್ಷಿಣದ ಪ್ರಯೋಗಶಾಲೆಗೆ ಕಳುಹುವರು. ಅಲ್ಲಿ ಹಿಂಡಿ, ಬೇರ್ಪಡಿಸಿ, ಎಣಿಸುವರು. ಈ ಬೆಟ್ಟದಲ್ಲಿ ಆ ಕೆಲಸವು 1990ರ ದಶಕದಿಂದ ತಪ್ಪದೆ ನಡೆದುಬಂದಿದೆ. ಪಂಪು, ವಿದ್ಯುತ್ತು ಇಲ್ಲದ ಕಡೆಗಳಿಗಾಗಿ ಕೆನಡದವರು ಇನ್ನೊಂದು ಉಪಾಯವನ್ನು ಮಾಡಿದ್ದಾರೆ: ಎರಡು ಉಕ್ಕಿನ ಬೋಗುಣಿಗಳನ್ನು ಒಂದಕ್ಕೊಂದು ಎದುರುಬದುರಾಗಿ ಜೋಡಿಸಿ, ನಡುವೆ ಸ್ಪಂಜಿನ ಬಿಲ್ಲೆಯನ್ನಿಟ್ಟು, ತಿಂಗಳುಗಟ್ಟಲೆ ಕಂಬಕ್ಕೆ ತೂಗಬಿಡುವುದು. 2004ರಿಂದ ಲೋಕದ ಖಂಡಖಂಡಗಳಲ್ಲಿ ಇಂತಹ ಬೋಗುಣಿಗಳು ತೂಗುತ್ತಿರುವುವು. ನಮ್ಮ ಅಡಿಗೆಮನೆಯ ಪಾತ್ರೆಗಳಂತಹ ಸಾಧನದಿಂದ ಇಡೀ ಭೂಮಿಯ ಗಾಳಿಯ ಜಾತಕವನ್ನು ಬರೆಯುವ ಈ ಜಾಣತನವು ನಮಗೆ ಯಂತ್ರಗಳಿಗಿಂತ ಹೆಚ್ಚು ಮೆಚ್ಚಿಗೆಯಾಯಿತು.

ಅಷ್ಟಕ್ಕೂ ಧ್ರುವದಲ್ಲಿ ವಿಷವು ಬಿದ್ದರೆ ಯಾರಿಗೇನು ನಷ್ಟ? ಇದಕ್ಕೆ ಉತ್ತರವು ಕೆನಡದ ಉತ್ತರದಲ್ಲಿರುವ ಇನ್ಯೂಇಟ್ ಜನರ ಮನೆಗಳಿಂದ ಬಂದಿತು. 1980ರ ದಶಕದ ಕೊನೆಯಲ್ಲಿ ಕ್ವಿಬೆಕ್ಕಿನ ವೈದ್ಯ ಎರಿಕ್ ದೆವಾಯ್ಲಿ ಎಂಬುವರು ತಾಯಂದಿರ ಹಾಲಿನಲ್ಲಿ ಪಿ.ಸಿ.ಬಿ. ಎಷ್ಟಿದೆಯೆಂದು ಪರೀಕ್ಷಿಸುತ್ತಿದ್ದರು. ದಕ್ಷಿಣದ ಪಟ್ಟಣಗಳ ತಾಯಂದಿರ ಹಾಲಿಗೆ ಹೋಲಿಸಲು, ಕಾರ್ಖಾನೆಗಳೇ ಇಲ್ಲದ ಹಿಮದ ನಾಡಿನ ತಾಯಂದಿರ ಹಾಲನ್ನು ಶುದ್ಧವಾದ ಅಳತೆಗೋಲೆಂದು ತರಿಸಿದರು. ಪರೀಕ್ಷೆಯಲ್ಲಿ ಆ ಶುದ್ಧವಾದ ಹಾಲಿನಲ್ಲಿಯೇ ವಿಷವು ಹಲವು ಪಟ್ಟು ಹೆಚ್ಚಾಗಿ ಕಂಡಿತು. ಈ ವಿಷಗಳು ಕೊಬ್ಬಿನಲ್ಲಿ ಕರಗುವುವು. ಸಣ್ಣ ಜೀವಿಯನ್ನು ಮೀನು, ಮೀನನ್ನು ದೊಡ್ಡ ಮೀನು, ಅದನ್ನು ಸೀಲು, ತಿಮಿಂಗಿಲಗಳು ತಿನ್ನುತ್ತ ಹೋದಂತೆ ಒಂದೊಂದು ಮೆಟ್ಟಿಲಿಗೂ ವಿಷವು ಮಡಿಮಡಿಯಾಗಿ ಗಟ್ಟಿಯಾಗುವುದು. ಕಡೆಯ ಮೆಟ್ಟಿಲಿನಲ್ಲಿ ಬಿಳಿಯ ಕರಡಿಯೂ, ಆ ಮಾಂಸವನ್ನೇ ಅನ್ನವಾಗಿ ಉಳ್ಳ ಮನುಷ್ಯನೂ, ಅವನಿಗಿಂತ ಒಂದು ಮೆಟ್ಟಿಲು ಮೇಲೆ ಎದೆಹಾಲು ಕುಡಿಯುವ ಕೂಸೂ ಇರುವುದು. ಆ ತಾಯಂದಿರು ಹೊಲಕ್ಕೆ ಒಂದು ಚಿಟಿಕೆ ಪುಡಿಯನ್ನು ಎರಚಿದವರಲ್ಲ. ಅವರಿಗೆ ಹೊಲವೇ ಇರಲಿಲ್ಲ. ಆದರೂ ಹಾಲೂಡಿಸುವುದನ್ನು ಬಿಡಬೇಡಿರೆಂದೇ ವೈದ್ಯರು ಅವರಿಗೆ ಹೇಳಿದರು, ಏಕೆಂದರೆ ಆ ಹಾಲಿಗೆ ಸಮನಾದುದು ಬೇರಾವುದೂ ಅಲ್ಲಿರಲಿಲ್ಲ.

ಈ ಮಾತನ್ನು ಕೇಳಿದಂದಿನಿಂದ ನಮ್ಮ ಮನೆಯವರ ಕುತೂಹಲವು ಬೇರೆ ದಾರಿ ಹಿಡಿಯಿತು. ಅವರ ತವರು ಕಾಸರಗೋಡಿನ ಉತ್ತರಕ್ಕೆ, ಎಣ್ಮಕಜೆಯ ಆಸುಪಾಸಿನಲ್ಲಿದೆ. ಅಲ್ಲಿನ ಗುಡ್ಡಗಳ ಗೇರುತೋಟಗಳ ಮೇಲೆ, ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚುತ್ತಿದ್ದರು. ಬಾವಿಗಳನ್ನು ಮುಚ್ಚಿಕೊಳ್ಳಿರೆಂದು ಮುಂಚಿತವಾಗಿ ಹೇಳಿಕಳುಹಿಸುತ್ತಿದ್ದರಂತೆ. ಮಕ್ಕಳು ಹೆಲಿಕಾಪ್ಟರನ್ನು ನೋಡಲು ಅಂಗಳಕ್ಕೆ ಓಡುತ್ತಿದ್ದರಂತೆ. ಕಣಿವೆಯ ಸುರಂಗಗಳಿಂದಲೂ ತೋಡುಗಳಿಂದಲೂ ನೀರು ಕುಡಿಯುವ ನಾಡದು. ಎಲ್ಲವನ್ನು ಮುಚ್ಚುವುದೆಲ್ಲಿಂದ ಬಂತು? ಪಡ್ರೆ ಮೊದಲಾದ ಗ್ರಾಮಗಳಲ್ಲಿ ಅಂಗವಿಕಲರಾಗಿಯೂ ಬುದ್ಧಿ ಬೆಳೆಯದೆಯೂ ಹುಟ್ಟಿದ ಮಕ್ಕಳ ಸಂಗತಿಯನ್ನು ಕನ್ನಡ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಕಡೆಯಲ್ಲಿಯೂ ಅದೇ ಗೋಳು. “ಅಲ್ಲಿ ಎರಚಿದ್ದು ಇಲ್ಲಿಗೂ ಬಂದಿರಬಹುದೇ?” ಎಂದು ಅವರು ಮಗನನ್ನು ಕೇಳಿದರು. ಇಂತಹ ತೋಟದ್ದೆಂದು ಯಾವ ಕಣದ ಮೇಲೂ ಮೊಹರಿರುವುದಿಲ್ಲ. ಹಾಗೆ ಹೇಳಲು ಯಾರಿಂದಲೂ ಆಗದು. ಆದರೆ ಎಂಡೋಸಲ್ಫಾನು ಧ್ರುವದ ಗಾಳಿಯಲ್ಲಿ ಸಿಕ್ಕುತ್ತಿದ್ದುದು ನಿಜ. ತಾನು ಬಿದ್ದ ಕಡೆಯೇ ಅಳಿಯುವ ವಸ್ತುವಲ್ಲ, ದೂರದೂರ ಸಾಗುವಂತಹುದು ಎಂಬುದಕ್ಕೆ ಆ ಅಳತೆಗಳೇ ಸಾಕ್ಷಿಯಾದುವು. 2001ರಲ್ಲಿ ಸ್ಟಾಕ್‌ಹೋಮಿನಲ್ಲಾದ ಒಪ್ಪಂದವು ಮೊದಲಿಗೆ ಹನ್ನೆರಡು ವಿಷಗಳನ್ನು ಹಿಡಿದಿತ್ತು. 2011ರ ಏಪ್ರಿಲಿನಲ್ಲಿ ಎಂಡೋಸಲ್ಫಾನನ್ನೂ ಪಟ್ಟಿಗೆ ಸೇರಿಸಿದರು. ಮರುತಿಂಗಳು ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿಕೆ ಮಾರಾಟಗಳಿಗೆ ದೇಶದಾದ್ಯಂತ ತಡೆ ಹಾಕಿತು. ಕೇರಳದ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರವನ್ನು ಕೊಡಬೇಕೆಂದು ಆ ನ್ಯಾಯಾಲಯವೇ 2017ರಲ್ಲಿ ಆಜ್ಞೆಮಾಡಿತು. ಕಾಸರಗೋಡಿನ ತಾಯಂದಿರ ಕಣ್ಣೀರಿಗೆ ಮೊದಲು ಬೆಲೆ ಬರಬೇಕಾಗಿತ್ತೆಂಬುದು ನಮ್ಮ ಅಭಿಪ್ರಾಯ. ಹಾಗಾಗಲಿಲ್ಲ, ಹಿಮದ ಗಾಳಿಯ ಸಾಕ್ಷಿಯಾದರೂ ಅವರ ಪರವಾಗಿ ನಿಂತಿತಲ್ಲಾ.

ಸಮಾಧಾನದ ಸಂಗತಿಯೂ ಒಂದುಂಟು. ಗ್ಯಾಮಕ್ಸೀನಿನ ಬಳಕೆಯಲ್ಲಿ ಒಂದು ಕಾಲಕ್ಕೆ ಚೀನವೂ ನಮ್ಮ ದೇಶವೂ ಎಲ್ಲರಿಗಿಂತ ಮುಂದಿದ್ದುವು. ಚೀನವು 1983ರಲ್ಲಿ ಅದನ್ನು ನಿಲ್ಲಿಸಿತು. ನಾವು 1990ರಲ್ಲಿ ಬೇಸಾಯದ ಬಳಕೆಯನ್ನು ಕಡಮೆಮಾಡಿ, 1997ರಲ್ಲಿ ಪೂರ್ತಿ ನಿಷೇಧಿಸಿದೆವು. ಧ್ರುವದ ಗಾಳಿಯಿಂದ ಬೇರೆಬೇರೆ ವರ್ಷಗಳಲ್ಲಿ ಹಿಡಿದ ಮಾದರಿಗಳನ್ನು ಹೋಲಿಸಿದವರಿಗೆ, 1983ರ ಆಸುಪಾಸಿನಲ್ಲೊಮ್ಮೆ, 1990ರ ಆಸುಪಾಸಿನಲ್ಲೊಮ್ಮೆ ಆ ವಿಷವು ಮೆಟ್ಟಿಲಿಳಿದಂತೆ ಇಳಿದುದು ಕಂಡಿತು. ನಮ್ಮ ರೈತರು ಚೀಲವನ್ನು ಬಿಚ್ಚದಿದ್ದುದು ಧ್ರುವದವರೆಗೆ ತಿಳಿಯಿತು! ಸರಕಾರಗಳ ಪ್ರಕಟನೆಗಳನ್ನು ನಂಬಬೇಕೋ ಬಿಡಬೇಕೋ ಎಂಬ ಸಂದೇಹವುಳ್ಳವರು ಇಂತಹ ಲೆಕ್ಕಪುಸ್ತಕವನ್ನು ನೋಡಬೇಕು. ಇದರಲ್ಲಿ ಜಮೆ, ಖರ್ಚು ಎರಡನ್ನೂ ಗಾಳಿಯೇ ಬರೆದಿರುತ್ತದೆ.

ಆದರೆ ಲೆಕ್ಕವು ಸದಾ ಇಳಿಮುಖವಾಗಿರುವುದಿಲ್ಲ. 2006ರ ವಸಂತದಲ್ಲಿ ಪೂರ್ವ ಯೂರೋಪಿನ ರೈತರು ಹೊಲಗಳ ಕೂಳೆಗೆ ಹಚ್ಚಿದ ಬೆಂಕಿಯ ಹೊಗೆಯು ಕೆಲವೇ ದಿನಗಳಲ್ಲಿ ಇಲ್ಲಿಗೆ ಬಂದು, ಸ್ವಚ್ಛವಾದ ದಿಗಂತವು ಮಬ್ಬಾಯಿತು. ಗಾಳಿಯು ಬಂದ ದಾರಿಯನ್ನು ಗಂಟೆಗಂಟೆಗೂ ಹಿಂದಕ್ಕೆ ಲೆಕ್ಕಹಾಕಿಕೊಂಡು ಹೋಗಿ, ಇಂತಹ ಬಯಲಿನದು ಈ ಹೊಗೆಯೆಂದು ವಿಜ್ಞಾನಿಗಳು ಕಂಡುಹಿಡಿದರು. ಆ ಹೊಗೆಯೊಡನೆ ಪಿ.ಸಿ.ಬಿ.ಯೂ ಬಂದಿತ್ತು. ಎಂದೋ ಗಾಳಿಯಿಂದ ಮಣ್ಣಿಗೂ ಹುಲ್ಲಿಗೂ ಇಳಿದು ಮಲಗಿದ್ದುದನ್ನು ಬೆಂಕಿಯು ಎಬ್ಬಿಸಿ ಕಳುಹಿತ್ತು. 2004ರಲ್ಲಿ ಅಲಾಸ್ಕ ಮತ್ತು ಕೆನಡಗಳ ಕಾಡ್ಗಿಚ್ಚಿನಲ್ಲಿಯೂ ಹೀಗೆಯೇ ಆಗಿತ್ತು. ಈಗ ಇದಕ್ಕಿಂತ ದೊಡ್ಡ ಚಿಂತೆಯೆಂದರೆ ಹಿಮದ್ದು. ಧ್ರುವವು ಬೆಚ್ಚಗಾಗುತ್ತ, ಕಡಲ ಹಿಮವು ಹಿಂಜರಿಯುತ್ತಿರುವಂತೆ, ಐವತ್ತು ಅರವತ್ತು ವರ್ಷಗಳಿಂದ ಅಲ್ಲಿ ಅಡಗಿದ್ದ ವಿಷಗಳು ಮತ್ತೆ ಗಾಳಿಗೇಳುತ್ತಿವೆಯೆಂದು, ಈ ಬೆಟ್ಟದ ಮತ್ತು ಅಲರ್ಟಿನ ಅಳತೆಗಳನ್ನು ಸೋಸಿ ನೋಡಿದವರು 2011ರಲ್ಲಿ ತೋರಿಸಿದರು. ನಾವು ನಿಷೇಧಿಸಿ ಮರೆತ ಪದಾರ್ಥವ��ು ಹಿಮವು ಮರೆತಿರಲಿಲ್ಲ. ಬೆಟ್ಟದ ಮೇಲಿನ ಪಂಪು ಹಳೆಯ ಸಾಲವನ್ನೂ ಹೊಸ ಸಾಲವನ್ನೂ ಒಂದೇ ಸ್ಪಂಜಿನಲ್ಲಿ ಹಿಡಿಯಬೇಕಾಗಿದೆ. ಯಾವುದು ಯಾವುದೆಂದು ಬಿಡಿಸುವುದಕ್ಕಾಗಿಯೇ ಒಂದು ವಾರವೂ ತಪ್ಪದಂತೆ ಎಷ್ಟೋ ವರ್ಷಗಳ ಲೆಕ್ಕವು ಬೇಕು. ಇಂತಹ ಬೇಸರದ ಕೆಲಸಕ್ಕೆ ಹಣವನ್ನೊದಗಿಸುವುದು ಯಾವ ಸರಕಾರಕ್ಕೂ ಸುಲಭವಲ್ಲ. ಉದ್ಘಾಟನೆಗೆ ಒದಗುವ ಹಣವು ಮೂವತ್ತನೆಯ ವರ್ಷದ ಸ್ಪಂಜಿಗೆ ಒದಗುವುದು ಅಪರೂಪ.

ನಮಗೆ ಕೊಟ್ಟಿದ್ದ ಸಮಯವು ಮುಗಿಯುತ್ತ ಬಂದಿತು. ಮಧ್ಯರಾತ್ರಿಯ ಬಿಸಿಲಿನಲ್ಲಿ ಬೆಟ್ಟದ ಮನೆಯ ಗಾಜುಗಳು ಮಿಂಚುತ್ತಿದ್ದುವು. ತಂತಿಯ ತೊಟ್ಟಿಲು ಖಾಲಿಯಾಗಿ ಕೆಳಗೆ ನಿಂತಿತ್ತು. ಊರಿನಲ್ಲೊಂದು ಪುಟ್ಟ ಅಂಚೆಮನೆಯಿದೆ. ಲೋಕದಲ್ಲೆಲ್ಲ ಅತ್ಯುತ್ತರದ್ದೆಂದು ಅದಕ್ಕೆ ಹೆಸರು. ಹಡಗಿನ ಜನರೆಲ್ಲರೂ ಅಲ್ಲಿ ಚಿತ್ರದ ಕಾರ್ಡುಗಳಿಗೆ ಮುತ್ತಿಕೊಂಡಿದ್ದರು. ನಮ್ಮ ಮನೆಯವರೂ ಒಂದನ್ನು ಕೊಂಡು, ತವರಿನಲ್ಲಿರುವ ತಮ್ಮ ಅಣ್ಣನಿಗೆ ಬರೆಯಲು ಕುಳಿತರು. ಬೆಟ್ಟದ ಸಂಗತಿಯನ್ನು ಎರಡು ಸಾಲಿನಲ್ಲಿ ಬರೆದು, ಉಳಿದ ಜಾಗವನ್ನೆಲ್ಲ ದಾರಿಗಡ್ಡ ಬಂದ ಬಾತುಮರಿಗಳಿಗೆ ಬಿಟ್ಟುಕೊಟ್ಟರು. ನಾವು ಊರಿಗೆ ಮರಳಿದ ಹದಿನೆಂಟು ದಿನಗಳ ಮೇಲೆ ಆ ಕಾರ್ಡು ಎಣ್ಮಕಜೆಗೆ ತಲಪಿತೆಂದು ಅಣ್ಣನವರು ಬರೆದಿದ್ದಾರೆ.